ಕಲ್ಲುಸಾಲಿನಾಚೆಯ ಮೂಲಂಗಿ

ಮೂಲಂಗಿಯ ಬಿಳಿ ಹೆಗಲೊಂದು ಮಣ್ಣಿನಿಂದ ಎರಡು ಬೆರಳು ಮೇಲೆದ್ದು ನಿಂತದ್ದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅದು ನನ್ನದಲ್ಲ ಎಂಬುದೊಂದೇ ಅದರಲ್ಲಿದ್ದ ದೋಷ.

ಮನೆ ಪಾಲಾದಾಗ ನಡುಮನೆಗೆ ಗೋಡೆ ಬಂತು, ಹಿತ್ತಿಲಿಗೆ ಒಂದು ಸಾಲು ಕಲ್ಲು. ಆಚೆಗೆ ನನ್ನ ಓರಗಿತ್ತಿ ತುಂಗಮ್ಮ, ಈಚೆಗೆ ನಾನು. ಬಾಯಲ್ಲಿ ಅವಳನ್ನು 'ಅಕ್ಕ, ನೀವು' ಎನ್ನುತ್ತಿದ್ದೆ. ಮನಸ್ಸಿನಲ್ಲಿ ಏಕವಚನವೇ ಸಾಕಾಗಿತ್ತು. ಪಾಲಾಗದೆ ಉಳಿದವರು ಅತ್ತೆ ಒಬ್ಬರೇ. ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ ಉಣ್ಣುತ್ತಿದ್ದರು. ಅಲ್ಲಿ ಉಂಡದ್ದನ್ನು ಇಲ್ಲಿ ಹೊಗಳುತ್ತಿದ್ದರು.

ಆ ಚಳಿಗಾಲ ಇಬ್ಬರೂ ಮೂಲಂಗಿ ಹಾಕಿದೆವು. ಅವಳದು ಮೊಣಕೈ ದಪ್ಪ ಬಂತು. ನಾನು ಹಟಕ್ಕೆ ಬಿದ್ದು ಬುಟ್ಟಿಗಟ್ಟಲೆ ಗೊಬ್ಬರ ಸುರಿದೆ. ಸೊಪ್ಪು ಮೊಣಕಾಲುದ್ದ ಬೆಳೆಯಿತು, ಗೆಡ್ಡೆ ಇಲಿಬಾಲದಷ್ಟು.

"ಬರೀ ಸೊಪ್ಪಿನ ಪಲ್ಯಾನೇ ಮಾಡ್ತಾ ಇರು," ಎಂದು ಅತ್ತೆ ತಟ್ಟೆ ಸರಿಸಿದರು. "ತುಂಗನ ಹುಳಿ ಉಂಡ ನಾಲಿಗೆಗೆ ಇದು ಹತ್ತಲ್ಲ ಕಣಮ್ಮ."

ಅವರ ಬಾಯಿಂದ ಒಂದು 'ಚೆನ್ನಾಗಿದೆ' ಕೇಳಲು ನಾನು ಆರು ವರ್ಷದಿಂದ ಕಾದಿದ್ದೆ.

ತುಂಗಮ್ಮ ಒಂದು ದಿನ ತನ್ನ ಮೂಲಂಗಿ ಸಾಲನ್ನೆಲ್ಲ ಕಿತ್ತಳು. ಒಂದು ಬಟ್ಟಲು ಹುಳಿ ನಮ್ಮ ಮನೆಗೂ ಬಂತು. ಉಪ್ಪು ಜಾಸ್ತಿ ಎನ್ನುತ್ತಲೇ ಮೂರು ಸಲ ಬಡಿಸಿಕೊಂಡೆ. ಮರುದಿನ ನೋಡಿದರೆ ಕಲ್ಲಿನ ಪಕ್ಕದಲ್ಲೇ ಒಂದು ಮೂಲಂಗಿ, ಎಲ್ಲಕ್ಕಿಂತ ದಪ್ಪದ್ದು, ಉಳಿದಿತ್ತು. ನನಗೆ ತೋರಿಸಲೆಂದೇ ಬಿಟ್ಟಿದ್ದಾಳೆ, ಇನ್ನೇನು! ಅದರ ಸೊಪ್ಪನ್ನೇಕೆ ಗಿಡ್ಡಕ್ಕೆ ಕತ್ತರಿಸಿದ್ದಾಳೆ ಎಂದು ಯೋಚಿಸುವಷ್ಟು ತಾಳ್ಮೆ ನನಗಿರಲಿಲ್ಲ. ಮಧ್ಯಾಹ್ನ ಅವಳು ಅಡ್ಡಾಗುವ ಹೊತ್ತು ನೋಡಿ ಕಲ್ಲಿನಾಚೆ ಕೈ ಚಾಚಿ ಎಳೆದೆ. ಹಾಕಿದ ಬಲಕ್ಕೆ ಹಿಂದಕ್ಕೆ ಕುಕ್ಕರಿಸಿದೆ. ಕೈಯಲ್ಲಿದ್ದದ್ದು ಅರ್ಧ ಮೂಲಂಗಿ. ಕೆಳಗೆ ಈಳಿಗೆಯಲ್ಲಿ ಹೆಚ್ಚಿದ ಹಾಗೆ ಮಟ್ಟಸ.

"ಮಿಕ್ಕದ್ದನ್ನ ಹುಡುಕ್ತಿದ್ದೀಯೇನೇ?" ಅವಳು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. "ನಿನ್ನೆ ನಿಮ್ಮನೆಗೆ ಕಳಿಸಿದ ಹುಳೀಲಿತ್ತು. ಉಪ್ಪು ಜಾಸ್ತಿ ಅಂದ್ಯಂತೆ, ಅತ್ತೆ ಹೇಳಿದ್ರು. ಇರ್ಲಿ. ತಲೇನ ಬೀಜಕ್ಕೆ ಅಂತ ನೆಟ್ಟಿದ್ದೆ. ವಾಪಸ್ಸು ನೆಡು, ಬದುಕ್ಕೊಳ್ಳುತ್ತೆ."

ಅವಳ ಎದುರಿಗೇ ಮಣ್ಣು ತೋಡಿ ನೆಟ್ಟೆ. ಬೈದಿದ್ದರೆ ಎಷ್ಟು ಸುಖವಿತ್ತು!

ಅದು ಹೂಬಿಟ್ಟಿತು, ಕಾಯಿ ಒಣಗಿತು. ಅವಳು ಹಳೆಯ ಬಟ್ಟೆಯಲ್ಲಿ ಒಂದು ಹಿಡಿ ಬೀಜ ಕಟ್ಟಿ ಕಲ್ಲಿನ ಮೇಲಿಟ್ಟಳು. "ಗೊಬ್ಬರ ಕಮ್ಮಿ ಹಾಕು. ತಿನ್ನಿಸಿ ತಿನ್ನಿಸಿ ಸೊಪ್ಪನ್ನ ಕೊಬ್ಬಿಸ್ತೀಯ."

ಮರುವರ್ಷ ನನ್ನ ಮೂಲಂಗಿ ದಪ್ಪವಾಯಿತು. ಅತ್ತೆ ಹುಳಿಯನ್ನು ಎರಡನೆಯ ಸಲ ಬಡಿಸಿಕೊಂಡರು. ನಾನು ಸೌಟು ಹಿಡಿದು ನಿಂತೇ ಇದ್ದೆ.

"ಚೆನ್ನಾಗಿದೆ," ಎಂದರು ಕೊನೆಗೆ. "ತುಂಗನ ಬೀಜ ಅಲ್ವಾ?"

ಸೌಟನ್ನು ಪಾತ್ರೆಗೆ ಹಾಕಿ ಹಿತ್ತಿಲಿಗೆ ನಡೆದೆ. ಅವಳ ಸಾಲಿಗೆ ಆ ವರ್ಷ ಹುಳ ಬಿದ್ದಿತ್ತು. ಅವಳು ನೀರಿನ ತಂಬಿಗೆ ಹಿಡಿದು ಕಲ್ಲಿನ ಬಳಿ ನಿಂತಿದ್ದಳು. ಮಣ್ಣಿನಿಂದ ಎರಡು ಬೆರಳು ಮೇಲೆದ್ದ ನನ್ನ ಮೂಲಂಗಿಯ ಬಿಳಿ ಹೆಗಲನ್ನು ನೋಡುತ್ತಿದ್ದಳು, ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು. ತಂಬಿಗೆ ವಾಲಿ, ನೀರೆಲ್ಲ ಅವಳ ಪಾದದ ಮೇಲೆಯೇ ಸುರಿಯುತ್ತಿತ್ತು.