ಬಗ್ಗಿದ ಡಿಶ್

ಗುಡ್ಡದ ಮೇಲೆ ನಿಂತು ಅವಳು ಡಿಶ್ಶನ್ನು ಒಂಚೂರು ಎಡಕ್ಕೆ ತಿರುಗಿಸಿದಳು, ಮತ್ತೆ ಬಲಕ್ಕೆ. ರಿಸೀವರಿನಲ್ಲಿ ಬರೀ ಸುಂಯ್ ಸದ್ದು. ಮೈಕ್ರೋವೇವ್ ರೇಡಿಯೋ ಅಲೆ ಟಾರ್ಚಿನ ಬೆಳಕಿನಂತೆ ನೇರ ಹೋಗುತ್ತದೆ. ಗುರಿ ತಪ್ಪಿದರೆ ಮುಗಿಯಿತು.

ಹವ್ಯಾಸಿ ರೇಡಿಯೋ ಕ್ಲಬ್ಬಿನಲ್ಲಿ ಇಂಥ ಸೆಟ್ಟು ಇದ್ದದ್ದು ಒಂದೇ ಜೋಡಿ. ಇವತ್ತು ಸಂಜೆಯೊಳಗೆ ಗುಡ್ಡದಿಂದ ಅವಳ ಮನೆಗೆ ಮಾತು ದಾಟಿದರೆ ಮುಂಬರುವ ರೇಡಿಯೋ ಸ್ಪರ್ಧೆ ಮುಗಿಯುವವರೆಗೂ ಅದು ಅವಳದೇ. ಇಲ್ಲವಾದರೆ ಬೇರೆಯವರ ಪಾಲು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಅವಳು ಸಿಕ್ಕ ರಜೆಯನ್ನೆಲ್ಲ ಇದಕ್ಕೇ ಸುರಿದಿದ್ದಳು.

"ಅಕ್ಕ, ಸಾಕು ಬಿಡಿ," ಎಂದ ಕ್ಲಬ್ಬಿನ ಕಾರ್ಯದರ್ಶಿ. ಅವನದು ಔಷಧಿ ಅಂಗಡಿ. "ಭಾವ ಆ ಕಡೆ ಗೊರಕೆ ಹೊಡೀತಿರಬೇಕು."

"ನಿಮ್ಮಂಗಡಿ ಮಾತ್ರೆ ನುಂಗಿದ್ರೂ ಅವರಿಗೆ ಮಧ್ಯಾಹ್ನ ನಿದ್ದೆ ಬರಲ್ಲ."

ಅವಳು ವಾಕಿಟಾಕಿ ಎತ್ತಿಕೊಂಡಳು. "ರೀ, ಅಲ್ಲಿನ ಡಿಶ್ಶು ಬೆಳಗ್ಗೆ ನಾನು ಇಟ್ಟ ಹಾಗೇ ಇದೆ ತಾನೆ?"

ಮನೆಯ ತಾರಸಿಯಿಂದ ಗಂಡ ಉತ್ತರಿಸಿದ. "ಅದಕ್ಕಿಂತ ಚೆನ್ನಾಗಿದೆ."

"ಚೆನ್ನಾಗಿ ಅಂದ್ರೆ?"

"ಮುಗ್ಗರಿಸಿದ ಹಾಗೆ ಬಗ್ಕೊಂಡಿತ್ತು. ಬೋಲ್ಟ್ ಸಡಿಲ ಆಗಿದೆ ಅಂತ ನೆಟ್ಟಗೆ ನಿಲ್ಲಿಸಿ ಬಿಗಿ ಮಾಡ್ದೆ. ರಸಮಟ್ಟ ಇಟ್ಟು ನೋಡಿದೀನಿ, ಕೂದಲಷ್ಟೂ ಓರೆ ಇಲ್ಲ."

ಅವನು ಟೈಲ್ಸ್ ಕೂರಿಸುವವನು. ಯಾರ ಮನೆಗೆ ಹೋದರೂ ಗೋಡೆಯ ಕ್ಯಾಲೆಂಡರ್ ಸರಿಮಾಡದೆ ಕೂರುವ ಆಸಾಮಿಯಲ್ಲ. ಹೆಂಡತಿಯ ಹುಚ್ಚಿಗೆ ಜೊತೆಯಾಗಲೆಂದು ಪರೀಕ್ಷೆ ಬರೆದು ರೇಡಿಯೋ ಲೈಸೆನ್ಸನ್ನೂ ಪಡೆದಿದ್ದ. ಆದರೆ ಈ ಡಿಶ್ಶಿನ ಅಲೆ ಕಳಿಸುವ, ಹಿಡಿಯುವ ಕಣ್ಣು ನಡುವಿನಲ್ಲಿಲ್ಲ, ಕೆಳಗಿದೆ. ನೆಟ್ಟಗೆ ನಿಲ್ಲಿಸಿದರೆ ಅದು ಆಕಾಶ ನೋಡುತ್ತದೆ. ಎದುರಿನ ಗುಡ್ಡ ಕಾಣಬೇಕಾದರೆ ನೆಲ ನೋಡುವಂತೆ ಬಗ್ಗಿಯೇ ಇರಬೇಕು.

ಕಾರ್ಯದರ್ಶಿ ಹುಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. "ಭಾವ ಇಷ್ಟೊತ್ತೂ ಮೋಡದ ಜೊತೆ ಹರಟೆ ಹೊಡೀತಿದ್ರು!"

"ರೀ, ಬೋಲ್ಟ್ ಬಿಚ್ಚಿ. ಟೋನ್ ಕಳಿಸ್ತಾ ನಿಧಾನಕ್ಕೆ ಮುಂದಕ್ಕೆ ಬಗ್ಗಿಸಿ."

"ನೋಡಿದವರು ಏನಂದ್ಕೋತಾರೆ ಕಣೇ? ನಮ್ಮನೆ ಮೇಲೇ ಸೊಟ್ಟಗೆ..."

"ನೋಡಿದವರು ಹಾಳಾಗಲಿ. ಬಗ್ಗಿಸ್ರೀ!"

ಸ್ವಲ್ಪ ಹೊತ್ತು ಸುಂಯ್ ಸದ್ದೊಂದೇ. ಆಮೇಲೆ ಅದರೊಳಗಿಂದ ಸೊಳ್ಳೆಯ ಗುಂಯ್‌ನಂಥದ್ದೊಂದು ಎದ್ದಿತು. ಏರಿತು, ಸ್ಪಷ್ಟವಾಯಿತು, ಮತ್ತೆ ಇಳಿಯತೊಡಗಿತು.

"ಹಿಂದಕ್ಕೆ ಸ್ವಲ್ಪ... ಹಾಂ, ಅಲ್ಲೇ! ಬಿಗಿ ಮಾಡಿ. ಈಗ ಮೈಕ್ರೋವೇವಲ್ಲೇ ಮಾತಾಡಿ."

ವಾಕಿಟಾಕಿ ಸುಮ್ಮನಾಯಿತು. ಡಿಶ್ಶಿಗೆ ಜೋಡಿಸಿದ ರಿಸೀವರಿನಿಂದ ಗಂಡನ ಕೆಮ್ಮು ಕೇಳಿಸಿತು. ಅವಳು ಕರೆಸಂಕೇತ ಹೇಳಿದಳು, ಅವನು ತನ್ನದನ್ನು ಹೇಳಿದ. ಕಾರ್ಯದರ್ಶಿ ಎದ್ದು ಬಟ್ಟೆಯ ಹುಲ್ಲು ಕೊಡವಿಕೊಂಡ. "ಸೆಟ್ಟು ನಿಮ್ಮದೇ ಅಕ್ಕ. ಆ ರಸಮಟ್ಟ ಮಾತ್ರ ಬಚ್ಚಿಡಿ."

"ಹೇಗೆ ಕೇಳ್ತಿದೆ?" ಎಂದು ಅವಳು ಕೇಳಿದಳು.

"ನೀನು ಪಕ್ಕದಲ್ಲೇ ಕೂತ ಹಾಗಿದೆ. ನೋಡೋಕೆ ಮಾತ್ರ ದರಿದ್ರ."

"ನೋಡಬೇಡಿ. ಆ ಕಡೆ ತಿರುಗಿ ಕೂತ್ಕೊಂಡು ಮಾತಾಡಿ."

ಕುರ್ಚಿ ಎಳೆದ ಸದ್ದು ಗುಡ್ಡದವರೆಗೂ ಕೇಳಿಸಿತು.