ತೇವ ಕುಡಿದ ಮರಳು

ರಂಗದ ಮೇಲಿನ ಅಟ್ಟದಲ್ಲಿ ಕೂತು ಹಗ್ಗ ಎಳೆಯುವವನ ಮುಖ ಕಂಡ ಪ್ರೇಕ್ಷಕರಿಲ್ಲ. "ದೇವರನ್ನ ಯಾರು ಕಂಡಿದ್ದಾರೆ? ಅವನೂ ಮೇಲೆ ಕೂತು ಹಗ್ಗ ಆಡಿಸ್ತಾನೆ. ಅವನಿಗೆ ಮಂಡಿನೋವಿಲ್ಲ, ಅಷ್ಟೇ ವ್ಯತ್ಯಾಸ," ಎಂದು ಹಗ್ಗದಣ್ಣ ನಗುತ್ತಿದ್ದ.

ನಾಟಕದ ಕೊನೆಗೆ ನಾಯಕಿ ಆಕಾಶಕ್ಕೆ ಹಾರುತ್ತಾಳೆ. ನಿಜಕ್ಕೂ ಹಾರುವವಳು ನಾಯಕಿಯಲ್ಲ. ಅವಳದೇ ಉಡುಪು ತೊಟ್ಟು, ಜನರಿಗೆ ಬೆನ್ನು ಮಾಡಿ ನಿಲ್ಲುವ ಹಗ್ಗದಣ್ಣನ ಮಗಳು. ಹಗ್ಗದ ಒಂದು ತುದಿ ಅವಳ ನಡುಪಟ್ಟಿಗೆ, ಇನ್ನೊಂದು ತುದಿಗೆ ಅವಳ ತೂಕಕ್ಕೆ ಸರಿಸಮನಾದ ಮರಳಿನ ಚೀಲ. ತೂಕ ಹೊಂದಿದರೆ ಸಾಕು, ಬೆರಳಲ್ಲಿ ಎಳೆದರೂ ಹಕ್ಕಿಯಂತೆ ಏಳುತ್ತಾಳೆ.

ಮಳೆಗಾಲ ಹಿಡಿದ ಮೇಲೆ ಚೀಲ ಅವನ ಮಾತು ಕೇಳದಾಯಿತು. ಎಳೆಯುವ ಮೊದಲೇ ಸರ್ರನೆ ಕೆಳಗಿಳಿಯುತ್ತಿತ್ತು. ಮರಳು ತೇವ ಕುಡಿದಿದೆ ಅಂದುಕೊಂಡು ಒಂದು ಬೊಗಸೆ ತೆಗೆದ. ಕೆಲವು ದಿನ ಬಿಟ್ಟು ಇನ್ನೊಂದು. ಬಿಸಿಲು ಕಂಡ ದಿನ ಹಿಂಬಾಗಿಲಲ್ಲಿ ಗೋಣಿ ಹಾಸಿ ಮರಳು ಹರವಿದ.

"ಏನಣ್ಣ, ಮರಳಿಗೆ ಶೀತವಾ?" ಎಂದ ದೀಪದವನು.

"ಹೂಂ ಕಣಪ್ಪ. ಔಷಧಿ ಕುಡಿಸೋದೊಂದು ಬಾಕಿ."

ಮಳೆ ನಿಂತಿತು, ಬಿಸಿಲು ಬಲಿಯಿತು. ಚೀಲ ಮಾತ್ರ ತನ್ನ ಚಾಳಿ ಬಿಡಲಿಲ್ಲ. ಅವತ್ತು ಆಟಕ್ಕೆ ಮೊದಲು ಚೀಲದೊಳಗೆ ಕೈಯಿಟ್ಟು ನೋಡಿದ. ಮರಳು ಬೂದಿಯಂತೆ ಒಣಗಿ ಬೆರಳ ಸಂದಿಯಲ್ಲಿ ಜಾರಿತು. ಒಣ ಮರಳು ಭಾರವಾಗುವುದುಂಟೇ? ಬೊಗಸೆ ಬೊಗಸೆಯಾಗಿ ಕರಗಿದ್ದು ಹಗ್ಗದ ಆಚೆ ತುದಿಯಲ್ಲಿದ್ದ ಮಗಳು.

ಏಣಿ ಇಳಿದು ಬಂದ.

"ಎಷ್ಟು ದಿನದಿಂದ ಮಗಳೇ?"

"ಏನಪ್ಪಾ?"

"ನನ್ನ ಮುಂದೆ ನಾಟಕ ಬೇಡ. ನಮ್ಮ ಮನೇಲಿ ನಾಟಕ ಆಡೋರಿಲ್ಲ, ನಾವು ಹಗ್ಗದೋರು."

ಅವಳು ನಗಲು ಹೋದಳು, ಕೆಮ್ಮು ಬಂತು. ಸಂಜೆಯಾದರೆ ಜ್ವರವಂತೆ. ಎದೆಯಲ್ಲಿ ಕ್ಷಯದ ಹುಣ್ಣಿದೆ, ತಿಂಗಳುಗಟ್ಟಲೆ ಔಷಧಿ ತಗೊಂಡು ಮಲಗಿರಬೇಕು ಅಂದಿದ್ದಾರಂತೆ ಡಾಕ್ಟರು.

"ಮಲಗಿದ್ರೆ ಬೇರೆಯವಳನ್ನ ಕಟ್ತಾರಪ್ಪಾ. ಹಾರೋದು ಬಿಟ್ರೆ ನಂಗೇನು ಬರುತ್ತೆ? ಯಾರಿಗೂ ಹೇಳ್ಬೇಡ. ಎಳಿ, ಅಷ್ಟೇ."

ಅವನು ಏಣಿ ಹಿಡಿದು ಮೇಲೆ ಹತ್ತಿದ.

ಸಿದ್ಧಳಾದರೆ ಅವಳು ಹಗ್ಗವನ್ನು ಎರಡು ಸಲ ಜಗ್ಗುವುದು ರೂಢಿ. ಕೊನೆಯ ದೃಶ್ಯ ಬಂತು, ಹಗ್ಗ ಜಗ್ಗಿತು. ಆ ಜಗ್ಗಿನಲ್ಲಿ ಜ್ವರದ ನಡುಕವಿತ್ತು. ಅಂಗೈಗೆ ಮುಟ್ಟಿ ಮೊಣಕೈ ತನಕ ಹರಿಯಿತು. ಭಗವಂತಾ, ಈ ಕೈಯಿಂದಲೇ ಅವಳ ಮೈಯನ್ನು ಬೊಗಸೆಯಲ್ಲಿ ಮೊಗೆದು ಹೊರಗೆ ಚೆಲ್ಲಿದೆನಲ್ಲ! ಅವನು ಹಗ್ಗವನ್ನು ಗೂಟಕ್ಕೆ ಸುತ್ತಿ ಗಂಟು ಬಿಗಿದ.

ಮತ್ತೆ ಜಗ್ಗಿತು. ಮತ್ತೆ. ಆಮೇಲೆ ಸುಮ್ಮನಾಯಿತು.

"ಎಳಿಯೋ! ಸತ್ತೋದ್ಯೇನೋ ಮೇಲೆ?" ರಂಗದ ಪಕ್ಕದಿಂದ ನಾಟಕದ ಮೇಷ್ಟ್ರು ಪಿಸುದನಿಯಲ್ಲೇ ಗುಡುಗಿದರು. ದೀಪದವನು ಚುರುಕು, ಬೆಳಕು ಆರಿಸಿಬಿಟ್ಟ. ಕತ್ತಲಲ್ಲಿ ಸಂಗೀತ ಏರಿತು, ಪರದೆ ಬಿತ್ತು. ಚಪ್ಪಾಳೆಗೆ ಸೂರು ಹಾರಿಹೋಗುವಂತಾಯಿತು. ನಾಯಕಿ ಹಾರಲಿಲ್ಲವಲ್ಲ ಎಂದು ಒಬ್ಬರಾದರೂ ಕೇಳಲಿಲ್ಲ. ಮಗಳನ್ನು ಅದೇ ಹೆಚ್ಚು ನೋಯಿಸಿತೋ ಏನೋ, ಅವನು ಇಳಿದು ಬಂದಾಗ ಗೋಡೆಗೆ ಮುಖ ಮಾಡಿ ನಿಂತಿದ್ದಳು.

"ಜಗ್ಗಿದ್ದು ಗೊತ್ತಾಗಲಿಲ್ವಾ?"

"ಗೊತ್ತಾಯ್ತು."

"ನಾಳೇನೇ ಬೇರೆಯವಳನ್ನ ತರ್ತಾರೆ."

"ತರಲಿ."

"ಅವಳನ್ನ ಎಳೆಯೋರು ಯಾರು?"

ಅವನು ಮಂಡಿಯೂರಿ ಅವಳ ನಡುಪಟ್ಟಿಗೆ ಕೈಹಾಕಿದ.

"ನಾನೇ ಕಣವ್ವ. ಮೇಷ್ಟ್ರ ಕಾಲು ಹಿಡಿದಾದ್ರೂ ನಾನೇ. ನಿನ್ನ ಔಷಧಿಗೆ ಇನ್ನೆಲ್ಲಿಗೆ ಹೋಗಲಿ?"

ಅವಳು ಗೋಡೆಯಿಂದ ಇತ್ತ ತಿರುಗಿದಳು. ಪಟ್ಟಿ ಬಿಚ್ಚಲು ಅನುವಾಗುವಂತೆ, ಅಂಗಿ ಕಳಚಿಸಿಕೊಳ್ಳುವ ಕೂಸಿನ ಹಾಗೆ, ಎರಡೂ ತೋಳು ಮೇಲೆತ್ತಿ ನಿಂತಳು.