ಅಟ್ಟದ ಕೆಳಗಿನ ರೈನ್‌ಫಾರೆಸ್ಟ್

ತುಮಕೂರಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿದವಳು ನಾನು, ವನಜಮ್ಮ. ಹಾಗಲವಾಡಿಯ ನಮ್ಮ ತೋಟದ ಮನೆಗೆ ತಮ್ಮ ಮೋಹನ್‌ಕುಮಾರ್ ‘ರೈನ್‌ಫಾರೆಸ್ಟ್ ಹೋಂಸ್ಟೇ’ ಎಂದು ಬೋರ್ಡು ಹಾಕಿಸಿದ್ದನ್ನು ನೋಡಿ ಮೈಯೆಲ್ಲ ಉರಿದುಹೋಯಿತು.

ಅವನೊಬ್ಬನದೇ ತಪ್ಪಲ್ಲ ಬಿಡಿ. ಸೋಪಿಗೆ ರೈನ್‌ಫಾರೆಸ್ಟು, ಊದುಬತ್ತಿಗೆ ರೈನ್‌ಫಾರೆಸ್ಟು, ಕುಣಿಗಲ್ ರಸ್ತೆಯಲ್ಲಿ ಒಂದು ಮರವೂ ಇಲ್ಲದ ಲೇಔಟಿಗೂ ಅದೇ ಹೆಸರು. ನಾಲ್ಕು ಗಿಡ ಹಸಿರಾಗಿ ಕಂಡರೆ ಮಳೆಕಾಡು ಅಂದುಬಿಡುತ್ತಾರೆ. ಮಳೆಕಾಡಿಗೆ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ಮಳೆಯಾದರೂ ಬೇಕು, ಒಣ ತಿಂಗಳು ತೀರಾ ಕಡಿಮೆ ಇರಬೇಕು. ಎತ್ತರದ ಮರಗಳ ನೆತ್ತಿ ಒಂದಕ್ಕೊಂದು ಕೂಡಿಕೊಂಡು, ನೆಲಕ್ಕೆ ಬಿಸಿಲು ಇಳಿಯುವುದೇ ಅಪರೂಪವಾಗಬೇಕು. ಗುಬ್ಬಿ ತಾಲ್ಲೂಕಿನಲ್ಲಿ ಅದರ ಮೂರನೇ ಒಂದು ಪಾಲು ಮಳೆ ಬಂದರೆ ನಾವು ಖುಷಿಪಡುತ್ತೇವೆ. ಇದನ್ನೆಲ್ಲ ಮೋಹನನಿಗೆ ಹೇಳಿದೆ. ಬರುವವರಿಗೆ ಮಂಜು ಬೇಕಂತೆ! ಅದಕ್ಕೇ ಸೂರಿನ ಸುತ್ತ ಪೈಪು ಎಳೆಸಿ, ನೀರನ್ನು ಮಂಜಿನ ಹಾಗೆ ಉಗುಳುವ ನಾಜಲ್‌ಗಳನ್ನು ಕೂರಿಸಿದ್ದ.

ಅಷ್ಟೇ ಆಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಆದರೆ ಆ ಸೂರಿನೊಳಗೇ ನಮ್ಮವ್ವ ಚೆನ್ನಮ್ಮನ ಕೊಬ್ಬರಿ ಅಟ್ಟ ಇದೆ. ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ವರ್ಷದ ಹತ್ತಿರ ಹಾಗೇ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಕಾಯಿ ಉಂಡೆ ಕೊಬ್ಬರಿಯಾಗುತ್ತದೆ. ಥಂಡಿ ತಗುಲಿದರೆ ಬೂಷ್ಟು ಹಿಡಿದು ಎಲ್ಲವೂ ಹಾಳು. ಹಾಗಾಗದಿರಲಿ ಎಂದು ಅವ್ವ ಆಗಾಗ ಅಟ್ಟದ ಕೆಳಗೆ ಸಿಪ್ಪೆಯ ಹೊಗೆ ಹಾಕುತ್ತಿದ್ದಳು. ಅಟ್ಟದ ಕೆಳಗಿನ ನಡುಮನೆಯಲ್ಲೇ ಗೆಸ್ಟುಗಳು ಮಲಗುತ್ತಾರೆಂದು ಮೋಹನ ಅದನ್ನೂ ನಿಲ್ಲಿಸಿದ್ದ. ತೆಂಗಿನ ಸೀಮೆಯಲ್ಲೇ ಹುಟ್ಟಿ ಬೆಳೆದವನು ಮಾಡುವ ಕೆಲಸವೇ ಇದು?

ಅವ್ವನನ್ನು ಕೇಳಿದೆ. ಎಪ್ಪತ್ತೆಂಟು ವರ್ಷದ ಅವಳು ದಿನಕ್ಕೆರಡು ಸಲ ಏಣಿ ಹತ್ತಿ ಕೆಟ್ಟ ಕಾಯಿ ಆರಿಸುತ್ತಿದ್ದಳಂತೆ. ಮಗನಿಗೆ ಮೂರು ಸಲ ಹೇಳಿ ಸುಮ್ಮನಾಗಿದ್ದಳು.

“ಹತ್ತು ತಿಂಗಳು ಕಾದಿವ್ನಿ ಕಣೇ,” ಅಂದಳು. “ಇನ್ನೊಂದ್ ವಾರ ಹಿಂಗೇ ಆದ್ರೆ ಅಷ್ಟೂ ಹೋಯ್ತದೆ.”

ಅವಳ ಕಣ್ಣಲ್ಲಿ ನೀರು ಬಂತು. ಹೋಗಿ ವಾಲ್ವ್ ತಿರುಗಿಸಿ ಮಂಜು ನಿಲ್ಲಿಸಿದೆ. ಮೋಹನ ಓಡಿಬಂದ. ಬೆಂಗಳೂರಿನ ಗೆಸ್ಟುಗಳು ಗುಬ್ಬಿ ದಾಟಿದ್ದಾರೆ, ಮರ್ಯಾದೆ ತೆಗೀಬೇಡ ಎಂದು ಕೂಗಾಡಿದ. ನಾನು ಜಗ್ಗಲಿಲ್ಲ. ಅವನನ್ನು ಅಟ್ಟ ಹತ್ತಿಸಿ, ಗೋಡೆ ಪಕ್ಕದ ಒಂದು ಕಾಯಿ ಸುಲಿದು ಒಡೆ ಅಂದೆ. ಒಡೆದ. ಒಳಗೆಲ್ಲ ಕಪ್ಪು ಬೂಷ್ಟು. ಎರಡನೆಯದೂ ಹಾಗೇ. ನಡುವಿನ ರಾಶಿಯಿಂದ ತೆಗೆದ ಮೂರನೆಯದು ಬೆಳ್ಳಗಿತ್ತು, ಗಟ್ಟಿಯಾಗಿತ್ತು. ಮೋಹನನ ಮುಖ ಬಾಡಿಹೋಯಿತು.

“ನಡುವಿಂದು ಇನ್ನೂ ಉಳೀತದೆ ಕಣೋ,” ಅಂದೆ. “ಆದ್ರೆ ಈಗ್ಲೇ ಹೊಗೆ ಬೀಳ್ಬೇಕು. ಜನ ಬಂದ್ ಹೋದ್ಮೇಲಲ್ಲ.”

ಅವನು ಸರಸರ ಇಳಿದ. ನಡುಮನೆಯ ಮಂಚ, ಹಾಸಿಗೆಗಳನ್ನೆಲ್ಲ ಜಗಲಿಗೆ ಎಳೆದು ಹಾಕಿದ. ಬಾಣಲೆಯಲ್ಲಿ ಕೆಂಡ ತಂದು, ಸಿಪ್ಪೆ ಹೇರಿ, ಮಂಡಿಯೂರಿ ತಾನೇ ಊದಿದ. ಹೊಗೆ ಅಟ್ಟದ ಸಂದುಗಳಲ್ಲಿ ಏರತೊಡಗಿತು. ಅವ್ವ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಅಷ್ಟರಲ್ಲಿ ಕಾರು ಬಂತು. ಇಳಿದ ಯಜಮಾನರು ಕೆಮ್ಮುತ್ತ ಒಳಗೆ ಇಣುಕಿ, ರೈನ್‌ಫಾರೆಸ್ಟ್ ಎಲ್ಲಿ ಎಂದು ಕೇಳಿದರು. ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು. ಆದರೆ ಮೋಹನ ಮಸಿ ಮುಖದಲ್ಲೇ ಎದ್ದು ನಿಂತ.

“ಇಲ್ಲಿ ಇಲ್ಲ ಸಾರ್, ಸುಳ್ಳು ಬರ್ಸಿದ್ದೆ,” ಅಂದ. “ಇದು ನಮ್ಮವ್ವನ ಕೊಬ್ರಿ ಅಟ್ಟ.”